ಭಾವ ತೊಳೆದ ಡಬ್ಬಿ

ಮೂವತ್ತೊಂದು ವರ್ಷದ ಸಂಸಾರದಲ್ಲಿ ಭಾವ ತನ್ನ ಕೈಯಾರೆ ತೊಳೆದ ಪಾತ್ರೆ ಒಂದೇ ಒಂದು. ಅದೂ ಯಾವ ಕಾರಣಕ್ಕೂ ತೊಳೆಯಬಾರದಾಗಿದ್ದ ಪಾತ್ರೆ.

ಆ ಮನೆಯ ಕಿರಿಸೊಸೆಗೆ ಮನೆಯೊಳಗೆ ಹೆಸರೆಂದು ಏನೂ ಉಳಿದಿರಲಿಲ್ಲ. ನಲವತ್ತಾರು ತುಂಬಿ, ಕಿವಿಯ ಪಕ್ಕದ ಕೂದಲು ಬೆಳ್ಳಗಾದ ಮೇಲೂ ಅವಳು "ಚಿಕ್ಕವಳು". ಹೆಸರಿನಂಥ ಹೆಸರೊಂದು ಇದ್ದದ್ದು ಆಸ್ಪತ್ರೆಯಲ್ಲಿ. ಅಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎನ್ನುತ್ತಿದ್ದರು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳದು ಇಪ್ಪತ್ತೆರಡು ವರ್ಷದ ಕೆಲಸ. ಮೇಲೆ ಆಪರೇಷನ್ ಥಿಯೇಟರಿನಲ್ಲಿ ಯಾರದೋ ಮೈಯಿಂದ ತೆಗೆದ ಗಂಟು, ಗಡ್ಡೆ, ಗರ್ಭಕೋಶಗಳು ಫಾರ್ಮಲಿನ್ ಎಂಬ ಕಣ್ಣುರಿಸುವ ದ್ರಾವಣದಲ್ಲಿ ಮುಳುಗಿ ಅವಳ ಮೇಜಿಗೆ ಬರುತ್ತಿದ್ದವು. ಮೈಯಿಂದ ಹೊರಬಂದ ಮಾಂಸ ಕೊಳೆಯದೆ, ಇದ್ದದ್ದು ಇದ್ದ ಹಾಗೆ ನಿಲ್ಲಬೇಕಾದರೆ ಆ ದ್ರಾವಣವೇ ಬೇಕು. ಡಾಕ್ಟರಮ್ಮ ಅದರಲ್ಲಿ ಬೇಕಾದ ಚೂರು ಆರಿಸಿ ಕೊಟ್ಟರೆ, ಮೇಣದಕ್ಕ ಅದನ್ನು ಬಿಸಿ ಮೇಣದಲ್ಲಿ ಅದ್ದಿ, ಸೋಪಿನ ಬಿಲ್ಲೆಯ ಹಾಗೆ ಅಚ್ಚು ಹಾಕಿ, ಯಂತ್ರದ ಅಲಗಿಗೆ ಕೊಟ್ಟು, ಕೂದಲೆಳೆಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ ಕೊಯ್ಯುತ್ತಿದ್ದಳು. ಒಂದರ ಬಾಲಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುವ ಆ ಪದರಗಳನ್ನು ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿ, ನೇರಳೆ ಮತ್ತು ಗುಲಾಬಿ ಬಣ್ಣ ಕುಡಿಸುತ್ತಿದ್ದಳು. ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎರಡು ಸಾಲು ಬರೆದರೆ ಯಾರದೋ ಬದುಕಿನ ದಾರಿಯೇ ತಿರುಗುತ್ತಿತ್ತು. ಆ ಎರಡು ಸಾಲಿನ ಕೆಳಗೆ ಮೇಣದಕ್ಕನ ಸಹಿ ಇರುತ್ತಿರಲಿಲ್ಲ. ಅವಳಿಗೇನೂ ಇದು ಹೊಸದಲ್ಲ. ಸಹಿಯಿಲ್ಲದ ಕೆಲಸ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ನಡೆಯುತ್ತಿತ್ತು.

ಮನೆ ನಡೆಯುತ್ತಿದ್ದದ್ದು ಭಾವನ ಮೂಗಿನ ಮೇಲೆ. ಅವನು ಅಂಗಡಿಗಳ ತಕ್ಕಡಿಯನ್ನೂ ತೂಕದ ಕಲ್ಲನ್ನೂ ಪರೀಕ್ಷಿಸಿ ಮುದ್ರೆ ಒತ್ತುವ ಅಧಿಕಾರಿ. ಹತ್ತು ಗ್ರಾಂ ಮೋಸವನ್ನು ಬರೀ ಕಣ್ಣಿನಲ್ಲೇ ಹಿಡಿಯುತ್ತೇನೆಂದು ಹೇಳಿಕೊಳ್ಳುತ್ತಿದ್ದ. ಮನೆಯಲ್ಲಿ ಕೊನೆಗೆ ಉಣ್ಣುವವರ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬ ತೂಕ ಮಾತ್ರ ಅವನ ಇಲಾಖೆಗೆ ಸೇರಿದ್ದಲ್ಲ. ಅವನ ಮೂಗೋ, ಅದೊಂದು ಪ್ರತ್ಯೇಕ ಇಲಾಖೆ. ಹಾಲು ನಿನ್ನೆಯದೆಂದರೆ ನಿನ್ನೆಯದೇ. ಟವೆಲಿಗೆ ಮುಗ್ಗಲು ವಾಸನೆ ಎಂದರೆ ಟವೆಲು ಮತ್ತೆ ಬಕೆಟ್ಟಿಗೆ. ಮೇಣದಕ್ಕ ಲ್ಯಾಬಿನಿಂದ ಬಂದವಳು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬರಬೇಕು, ಸ್ನಾನ ಮಾಡದೆ ಒಲೆಯ ಹತ್ತಿರ ಸುಳಿಯಬಾರದು, ಅವಳ ಬಟ್ಟೆಗೆ ಬೇರೆಯೇ ತಂತಿ. ಸ್ನಾನ ಮುಗಿಸಿ ಬಂದವಳು ಮೈ ಚಾಚುವ ಹಾಗಿತ್ತೇ? ರಾತ್ರಿಯ ಅಡುಗೆ ಕಾದಿರುತ್ತಿತ್ತು. ಅವಳ ಗಂಡ ಅಣ್ಣನ ಮಾತಿಗೆ ತಲೆಯಾಡಿಸುವುದನ್ನೇ ವೃತ್ತಿ ಮಾಡಿಕೊಂಡವನು. ಸಂಬಳ ಮಾತ್ರ ಬೇರೆ ಕಡೆಯಿಂದ ಬರುತ್ತಿತ್ತು.

ಆ ಮನೆಯಲ್ಲಿ ಅವಳಿಗೆ ಒಬ್ಬಳೇ ಜೊತೆ: ಓರಗಿತ್ತಿ, ಭಾವನ ಹೆಂಡತಿ. ಐವತ್ತೆರಡರ ದಪ್ಪ ಮೈಯ ನಗುಮುಖದ ಹೆಂಗಸು. ಗಂಡನ ಬೆನ್ನ ಹಿಂದೆ ಅವನನ್ನು "ಮೂಗು ಸಾಹೇಬರು" ಎಂದು ಮೊದಲು ಕರೆದವಳೂ ಅವಳೇ.

ಗಂಟು ಸಿಕ್ಕಿದ್ದು ಓರಗಿತ್ತಿಯ ಕೈಗೇ, ಸ್ನಾನ ಮಾಡುವಾಗ. ಎಡ ಎದೆಯ ಮೇಲ್ಭಾಗದಲ್ಲಿ, ಕಂಕುಳ ಕಡೆಗೆ, ಗೋಲಿಯಷ್ಟು. ಮರುದಿನ ಬಟ್ಟೆ ಒಣಹಾಕುತ್ತ, ಸೀರೆಯ ಮರೆಯಲ್ಲಿ ನಿಂತು ಹೇಳಿದಳು.

"ನೋಯುತ್ತಾ ಅಕ್ಕ?"

"ಇಲ್ಲ ಕಣೇ, ಒಂಚೂರೂ ಇಲ್ಲ. ಅದಕ್ಕೇ ಸುಮ್ಮನಿದ್ದೆ."

"ನೋಯದೇ ಇರೋದಕ್ಕೇ ಹೇಳ್ತಿದೀನಿ, ನಾಳೆ ನನ್ನ ಜೊತೆ ಬಾ."

ನಾಳೆ ಆಗಲಿಲ್ಲ. ಆ ಮನೆಯಲ್ಲಿ ಕಾಯಿಲೆ ಎನ್ನಿಸಿಕೊಳ್ಳಬೇಕಾದರೆ ಮೊದಲು ನೋವಿರಬೇಕು, ಆಮೇಲೆ ಆ ನೋವು ಕೂಗಿಕೊಳ್ಳುವ ಹಕ್ಕಿದ್ದವರಿಗೆ ಬರಬೇಕು. ಅತ್ತೆಯ ಮಂಡಿನೋವು ಕಾಯಿಲೆ. ಭಾವನ ನೆಗಡಿ ಮಹಾಕಾಯಿಲೆ. ಅದು ಬಂದರೆ ಮನೆಯಲ್ಲಿ ಮೂರು ದಿನ ಪಾತ್ರೆಗಳೂ ಸದ್ದು ಮಾಡಬಾರದು. ನೋಯದ ಗೋಲಿಗೆ ಅಲ್ಲಿ ಯಾವ ಬೆಲೆ? ಮೊದಲು ಅತ್ತೆಯ ಕಣ್ಣಿನ ಪೊರೆ ತೆಗೆಸುವುದಿತ್ತು. ಆಮೇಲೆ ಮನೆಗೆ ಸುಣ್ಣ ಹೊಡೆಸುವುದು ಬಂತು. ಆಮೇಲೆ ಭಾವನ ಮೇಲಧಿಕಾರಿ ಸಂಸಾರ ಸಮೇತ ಊಟಕ್ಕೆ ಬಂದ. "ಮುಂದಿನ ವಾರ ಖಂಡಿತ" ಎಂದು ಓರಗಿತ್ತಿ ಅನ್ನುವುದು, "ಸರಿ, ಮುಂದಿನ ವಾರ" ಎಂದು ಮೇಣದಕ್ಕ ಒಪ್ಪುವುದು. ಹೀಗೆ ಐದು ತಿಂಗಳು. ಮುಂದಿನ ವಾರ ಎಂದವರ ಗಂಟುಗಳನ್ನೇ ದಿನವೂ ಕೊಯ್ಯುತ್ತಿದ್ದವಳು ಅವಳು. ಯಾವ ಗಂಟಿಗೂ ವಾರ ಗೊತ್ತಿಲ್ಲವೆಂದು ಬಲ್ಲವಳು. ಆದರೂ ಅಕ್ಕನ ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಹೋದರೆ ಆ ದಿನದ ಇಬ್ಬರ ಕೆಲಸವನ್ನೂ ಮಾಡುವವರಾರು ಎಂದು ಅವಳೂ ಲೆಕ್ಕ ಹಾಕಿದ್ದಳಲ್ಲ! ಆ ಮಾತು ಅವಳು ಆಗ ಯಾರ ಹತ್ತಿರವೂ ಆಡಲಿಲ್ಲ, ಆದರೆ ಮರೆಯಲೂ ಇಲ್ಲ.

ಗಂಟು ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಅತ್ತೆಯ ಕಣ್ಣಿಗೆ ಬಿತ್ತು, ಹೊಸದಾಗಿ ಪೊರೆ ತೆಗೆಸಿದ ಕಣ್ಣು. ಸುದ್ದಿ ಮಗನಿಗೆ ಹೋಯಿತು. ಭಾವ ವಿಷಯವನ್ನು ತನ್ನ ಸುಪರ್ದಿಗೆ ತೆಗೆದುಕೊಂಡ.

"ನಮ್ಮ ಮನೆ ಹೆಂಗಸರ ವಿಷಯ ನಿನ್ನ ಆಸ್ಪತ್ರೆ ಕ್ಯಾಂಟೀನಲ್ಲಿ ಮಾತಾಗೋದು ಬೇಡ," ಎಂದ ಮೇಣದಕ್ಕನಿಗೆ. "ನನಗೆ ಗೊತ್ತಿರೋ ಡಾಕ್ಟ್ರಿದ್ದಾರೆ. ಅರ್ಧ ಗಂಟೆ ಕೆಲಸ."

"ಭಾವ, ಮೊದಲು ಸೂಜಿ ಹಾಕಿ ಪರೀಕ್ಷೆ ಮಾಡಿಸ್ಬೇಕು. ಏನು ಅಂತ ಗೊತ್ತಾಗದೆ ಕೊಯ್ಯಬಾರದು."

"ನೀನು ಕೊಯ್ಯೋದು ಸತ್ತ ಮಾಂಸ. ಬದುಕಿರೋರ ವಿಷಯ ಡಾಕ್ಟ್ರಿಗೆ ಬಿಡು."

ಆ ಸೋಮವಾರ ಮೇಣದಕ್ಕ ಐದು ದಿನದ ತರಬೇತಿಗೆಂದು ಬೇರೆ ಊರಿಗೆ ಹೋದಳು. ಮಂಗಳವಾರವೇ ಭಾವ ಹೆಂಡತಿಯನ್ನು ಪರಿಚಯದ ಡಾಕ್ಟರ ನಾಲ್ಕು ಮಂಚದ ಕ್ಲಿನಿಕ್ಕಿಗೆ ಕರೆದೊಯ್ದು ಗಂಟು ತೆಗೆಸಿಬಿಟ್ಟ. ಕಿರಿಕಿರಿ ಮಾಡುವವಳು ಊರಲ್ಲಿಲ್ಲದಾಗ ಎಂಥ ಕೆಲಸವೂ ಸಲೀಸು.

ಶನಿವಾರ ಮಧ್ಯಾಹ್ನ ಅವಳು ಚೀಲ ಹೊತ್ತು ಒಳಬಂದರೆ, ಓರಗಿತ್ತಿ ಸಿಂಕಿನ ಮುಂದೆ ನಿಂತು ಬಲಗೈ ಒಂದರಲ್ಲೇ ತಟ್ಟೆ ತೊಳೆಯುತ್ತಿದ್ದಾಳೆ. ಎಡಗೈ ಮೈಗೆ ಒತ್ತಿಕೊಂಡಿದೆ. ರವಿಕೆಯ ಒಳಗೆ ದಪ್ಪನೆ ಬ್ಯಾಂಡೇಜು.

"ಏನಕ್ಕ ಇದು!"

"ಆಯ್ತು ಕಣೇ, ತೆಗೆದುಬಿಟ್ರು. ಎಲ್ಲಾ ಕ್ಲೀನ್ ಆಯ್ತಂತೆ." ನಗಲು ನೋಡಿದಳು.

"ಗಂಟು ಎಲ್ಲಿ? ಯಾವ ಲ್ಯಾಬಿಗೆ ಕಳಿಸಿದ್ರು?"

"ಇವರ ಕೈಗೆ ಡಬ್ಬಿಯಲ್ಲಿ ಹಾಕಿ ಕೊಟ್ರು, ಪರೀಕ್ಷೆ ಮಾಡಿಸಿ ಅಂತ. ಬಚ್ಚಲಿನ ಕಿಟಕಿ ಮೇಲಿದೆ ನೋಡು."

ಡಬ್ಬಿ ಇತ್ತು. ಫಳಫಳ ಹೊಳೆಯುತ್ತಿತ್ತು. ಒಳಗೆ ಕದಡಿದ ನೀರಿನಲ್ಲಿ ಮುಳುಗಿದ ಗಂಟು. ಹೊರಗೆ ಹೆಸರು, ತಾರೀಕು ಬರೆದಿದ್ದ ಚೀಟಿಯೂ ಉಜ್ಜಿಹೋಗಿತ್ತು. ಮೇಣದಕ್ಕ ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದಳು. ಬರಬೇಕಾದ ಖಾರ ಬರಲಿಲ್ಲ. ಬರಬಾರದ ವಾಸನೆ ಬಂತು.

ಭಾವ ನಡುಮನೆಯಲ್ಲಿ ಪೇಪರು ಓದುತ್ತಿದ್ದ.

"ಭಾವ, ಇದರಲ್ಲಿದ್ದ ದ್ರಾವಣ ಏನಾಯ್ತು?"

"ಅಯ್ಯೋ, ಏನು ದರಿದ್ರ ವಾಸನೆ ಅಂತೀಯ! ಮಂಗಳವಾರ ಮನೇಲಿಟ್ಟು ಆಫೀಸಿಗೆ ಹೋಗಿ ಸಂಜೆ ಬಂದ್ರೆ ಮನೆ ತುಂಬಾ ಕಣ್ಣುರಿ. ಚೆಲ್ಲಿ, ಸೋಪು ಹಾಕಿ ತೊಳೆದು, ಒಳ್ಳೆ ನೀರು ಹಾಕಿಟ್ಟಿದೀನಿ." ಪೇಪರು ಮಡಿಸಿ, ಹೊಗಳಿಕೆಗೆ ಕಾಯುವವನ ಹಾಗೆ ನೋಡಿದ. "ನಲ್ಲಿ ನೀರಲ್ಲ. ಫಿಲ್ಟರ್ ನೀರು."

ಮೇಣದಕ್ಕನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವಳೂ ಆಡಲಿಲ್ಲ, ಆಡುತ್ತ ನಿಂತರೆ ಹೊತ್ತು ಹೋಗುತ್ತದೆ. ಹೊಳೆಯುವ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಂದ ಚಪ್ಪಲಿಯಲ್ಲೇ ಆಸ್ಪತ್ರೆಗೆ ಹೋದಳು. ಹಿಂದಿನಿಂದ ಅತ್ತೆ, "ಬಂದವಳು ಟೀ ಇಟ್ಟಾದರೂ ಹೋಗಬಾರದೇ," ಎನ್ನುವುದು ಕೇಳಿಸಿತು.

ಲ್ಯಾಬಿನಲ್ಲಿ ಗಂಟನ್ನು ಹೊಸ ಫಾರ್ಮಲಿನ್ನಿಗೆ ಹಾಕಿಟ್ಟಳು. ಸೋಮವಾರ ಡಾಕ್ಟರಮ್ಮ ಅದನ್ನು ಹಲಗೆಯ ಮೇಲಿಟ್ಟು ನಡುವೆ ಸೀಳಿದರು. ಒಳಗೆಲ್ಲ ಬೂದು ಬಣ್ಣದ ಕೆಸರು.

"ಇದನ್ನ ನೀರಲ್ಲಿ ಇಟ್ಟಿದ್ದು ಯಾವ ಮಹಾನುಭಾವ?"

"ನಮ್ಮ ಭಾವ ಮೇಡಂ."

ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ದನಿ ತಗ್ಗಿಸಿದರು. "ಕೊಳೆತುಹೋಗಿದೆಯಮ್ಮ. ಏನೂ ಹೇಳೋಕಾಗಲ್ಲ ಅಂತಲೇ ಬರೀಬೇಕು."

ಹಾಗೆ ಬರೆದರೆ ಮುಂದೇನು ಎಂಬುದು ಮೇಣದಕ್ಕನಿಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು. ಆ ಚೀಟಿಯನ್ನು ಭಾವ ಓದಿ, "ನೋಡಿದ್ಯಾ, ಏನೂ ಇಲ್ಲ ಅಂತ ಬಂದಿದೆ," ಎನ್ನುತ್ತಾನೆ. ಅಕ್ಕ ನಗುತ್ತ ಒಪ್ಪುತ್ತಾಳೆ. ಎದೆಯೊಳಗೆ ಉಳಿದದ್ದೇನಾದರೂ ಇದ್ದರೆ ಅದು ತನ್ನ ಪಾಡಿಗೆ ಬೆಳೆಯುತ್ತದೆ.

ಅವಳು ಬೆರಳು ಮಡಿಸಿದಳು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್. ಭಾವ ಆಫೀಸು ಮುಗಿಸಿ ಮನೆಗೆ ಬಂದದ್ದು ಸಂಜೆ ಆರಕ್ಕೆ. ನಡುವೆ ಎಂಟು ಗಂಟೆ. ಫಾರ್ಮಲಿನ್ ಮಾಂಸದೊಳಕ್ಕೆ ಇಳಿಯುವುದು ಹೊರಗಿನಿಂದ, ನಿಧಾನವಾಗಿ, ಗಂಟೆಗೆ ಕೂದಲಷ್ಟು ಕೂದಲಷ್ಟು.

"ಮೇಡಂ, ನಡುವಿನದು ಹೋಗಿದೆ ನಿಜ. ಹೊರಗಿನ ಸಿಪ್ಪೆ ಎಂಟು ಗಂಟೆ ದ್ರಾವಣ ಕುಡಿದಿದೆ. ಅದನ್ನ ಮಾತ್ರ ಸುಲಿದು ಕೊಡಿ. ನಾನು ನೋಡ್ಕೋತೀನಿ."

ಡಾಕ್ಟರಮ್ಮ ಗಂಟಿನ ಹೊರಮೈಗೆ ಕಪ್ಪು ಶಾಯಿ ಬಳಿದರು. ಕೊಯ್ದವರ ಕತ್ತಿ ಎಲ್ಲಿ ಆಡಿತ್ತು ಎಂಬುದಕ್ಕೆ ಆ ಶಾಯಿಯೇ ಗುರುತು, ಗಂಟಿನ ಗಡಿ. ಆಮೇಲೆ ಅಂಚನ್ನು ಮಾತ್ರ ತೆಳ್ಳಗೆ ಸುಲಿದುಕೊಟ್ಟರು. ಮರುದಿನ ಮೇಣದಕ್ಕ ಆ ಬಿಲ್ಲೆಗಳನ್ನು ಮಂಜುಗಡ್ಡೆಯ ಮೇಲಿಟ್ಟು ಗಟ್ಟಿ ಮಾಡಿ ಕೊಯ್ಯಲು ಕೂತಳು. ಪದರ ಪುಡಿಪುಡಿಯಾಗಿ ಉದುರಿತು. ಮತ್ತೆ ಮಂಜುಗಡ್ಡೆ, ಮತ್ತೆ ಕೊಯ್ಲು. ಅಲಗು ಬದಲಿಸಿದಳು, ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದಳು. ಊಟದ ಹೊತ್ತು ಕಳೆಯಿತು. ಐವತ್ತಮೂರನೇ ಪದರ ಅಖಂಡವಾಗಿ ಇಳಿದು ನೀರಿನ ಮೇಲೆ ಬಿಚ್ಚಿಕೊಂಡಿತು.

ಬಣ್ಣ ಹಚ್ಚಿದ ಪಟ್ಟಿಯನ್ನು ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಎದ್ದು ಜಾಗ ಕೊಟ್ಟರು. "ನೀನೇ ನೋಡು."

ಹೇಳಿಕೊಡುವ ಅಗತ್ಯವಿರಲಿಲ್ಲ. ಗುಲಾಬಿ ನೆಲದ ಮೇಲೆ ನೇರಳೆ ಕೋಶಗಳು, ಗಾತ್ರಕ್ಕೆ ಗಾತ್ರ ಹೊಂದದವು, ಒಂದರ ಮೇಲೊಂದು ನುಗ್ಗಿದವು, ಸಾಲುಗಟ್ಟಿ ಕಪ್ಪು ಗೆರೆಗೆ ತಾಗಿ ನಿಂತಿದ್ದವು. ಗೆರೆಯ ಆಚೆ ಏನೂ ಕಾಣುತ್ತಿರಲಿಲ್ಲ. ಆಚೆಯದು ಅಕ್ಕನ ಮೈಯಲ್ಲಿತ್ತು.

ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ತರಕಾರಿ ಹೆಚ್ಚಲು ಕೂತಾಗ ಮೇಣದಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಓರಗಿತ್ತಿಯ ಕೈ ಈಳಿಗೆಯ ಮೇಲೆ ನಿಂತಿತು.

"ನಾನೇನು ತಪ್ಪು ಮಾಡಿದೆ ಕಣೇ? ಪಕ್ಕದ ಮನೆಯವಳು ಸಿಟ್ಟು ನುಂಗಿಕೊಂಡರೆ ಬರುತ್ತೆ ಅಂದ್ಲು. ಅತ್ತೆ, ರವಿಕೆಯೊಳಗೆ ಮೊಬೈಲ್ ಇಟ್ಕೊಂಡಿದ್ದಕ್ಕೆ ಅಂದ್ರು."

"ಸಿಟ್ಟು ನುಂಗಿದ್ರೆ ಬರೋದಾಗಿದ್ರೆ ಈ ಬೀದೀಲಿ ಒಬ್ಬ ಹೆಂಗಸೂ ಉಳೀತಿರಲಿಲ್ಲ ಅಕ್ಕ. ತಪ್ಪು ನಿನ್ನದಲ್ಲ. ಮೈಯಲ್ಲಿ ಹಳೇ ಕೋಶ ಸಾಯ್ತಾ ಇರ್ತವೆ, ಹೊಸವು ಹುಟ್ತಾ ಇರ್ತವೆ. ಒಂದು ಎರಡಾಗುವಾಗ ಒಳಗಿನ ಬರಹವನ್ನೆಲ್ಲ ನಕಲು ಮಾಡ್ಬೇಕು. ಅಷ್ಟುದ್ದದ ಬರಹ, ಎಲ್ಲೋ ಒಂದಕ್ಷರ ತಪ್ಪುತ್ತೆ. ಎಷ್ಟೋ ಸಲ ಮೈಯೇ ತಿದ್ದುತ್ತೆ. ತಿದ್ದೋಕಾಗದ್ದಕ್ಕೆ ಸಾಯಿ ಅನ್ನುತ್ತೆ, ಅದೂ ಸಾಯುತ್ತೆ. ಯಾವುದೋ ಒಂದು ಮಾತ್ರ ಕೇಳಲ್ಲ. ತಪ್ಪಿನ ಮೇಲೆ ತಪ್ಪು ಸೇರಿ, ಸಾಕು ಅಂದ್ರೂ ನಿಲ್ಲಲ್ಲ, ಸಾಯಿ ಅಂದ್ರೂ ಸಾಯಲ್ಲ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ."

"ಯಾವಾಗ ಶುರುವಾಯ್ತೋ?"

"ಯಾರಿಗೆ ಗೊತ್ತು. ಕೈಗೆ ಸಿಗೋಷ್ಟಾಗೋಕೆ ಎಷ್ಟೋ ವರ್ಷ ಬೇಕು."

"ಅಂದ್ರೆ ನಾನು ಇವರ ಅಂಗಿ ಇಸ್ತ್ರಿ ಮಾಡ್ತಾ ನಿಂತಾಗಲೂ ಅದು ಒಳಗೇ ಕೂತಿತ್ತು ಅನ್ನು."

"ಕೂತು ಬೆಳೀತಿತ್ತು. ಮೊದಮೊದಲು ಹಾಲಿನ ನಾಳದ ಗೋಡೆ ಒಳಗೇ ಇರುತ್ತೆ. ಆಮೇಲೆ ಗೋಡೆ ಒಡೆದು ಹೊರಗೆ ಬರುತ್ತೆ. ಹೊಟ್ಟೆಗೆ ಬೇಕಲ್ಲ, ಅದಕ್ಕೆ ಕೆಲಸ ಮಾಡೋ ಅಭ್ಯಾಸ ಇಲ್ಲ. ಅಕ್ಕಪಕ್ಕದ ರಕ್ತನಾಳಕ್ಕೆ, ನನ್ನ ಕಡೆ ಒಂದು ಕವಲು ಬಿಡು ಅಂತ ಹೇಳಿ ಕಳಿಸುತ್ತೆ. ಅವು ಬಂದು ಬಡಿಸ್ತವೆ."

ಓರಗಿತ್ತಿ ನಡುಮನೆಯ ಕಡೆ ಕಣ್ಣು ಹೊರಳಿಸಿದಳು. ಅಲ್ಲಿಂದ ಭಾವನ ದನಿ ಬಂತು, "ಟೀ ಆಯ್ತಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಓರಗಿತ್ತಿಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು, "ಮುಂದೆ ಹೇಳು. ಎಲ್ಲಿಗೆ ಹೋಗುತ್ತೆ ಅದು?"

"ಎದೆಯಿಂದ ಕಂಕುಳಿಗೆ ಸಣ್ಣ ಸಣ್ಣ ಕಾಲುವೆ ಇವೆ, ರಕ್ತದ್ದಲ್ಲ, ತಿಳಿನೀರಿನ ಥರದ್ದು. ಒಂದೆರಡು ಕೋಶ ಕಳಚಿಕೊಂಡು ಅದರಲ್ಲಿ ತೇಲಿಕೊಂಡು ಹೋಗ್ತವೆ. ಕಂಕುಳಲ್ಲಿ ಕಾವಲಿನ ಗ್ರಂಥಿಗಳಿರ್ತವೆ, ಹಿಡಿದು ನಿಲ್ಲಿಸ್ತವೆ. ಕಾವಲು ತಪ್ಪಿಸಿಕೊಂಡೋ, ನೇರ ರಕ್ತಕ್ಕೆ ಇಳಿದೋ ಹೋದ್ರೆ ಮೂಳೆ, ಶ್ವಾಸಕೋಶ, ಲಿವರು. ಅಲ್ಲಿ ಹೋಗಿ ಕೂತ್ರೂ ಅದು ಮೂಳೆಯದಾಗಲ್ಲ, ಎದೆಯದೇ. ಹೋಗಿದ್ದೆಲ್ಲ ಬದುಕಲ್ಲ ಅಕ್ಕ, ಸುಮಾರು ಸಾಯ್ತವೆ. ಬದುಕೋದಕ್ಕೆ ಒಂದು ಸಾಕು. ಅದಕ್ಕೇ ಹೇಳ್ತಿದೀನಿ, ಈ ಸಲ ಮುಂದಿನ ವಾರ ಬೇಡ." ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದು ಸೇರಿಸಿದಳು, "ಐದು ತಿಂಗಳು ನಾನೂ ಬಿಟ್ಟುಕೊಂಡು ಕೂತೆ."

"ನೀನೊಬ್ಬಳೇನಾ," ಎಂದಳು ಓರಗಿತ್ತಿ, ಈಳಿಗೆ ಮಡಚಿಟ್ಟು.

ಊಟಕ್ಕೆ ಕೂತಾಗ ಮೇಣದಕ್ಕ ಎಲ್ಲರ ಮುಂದೆ ವಿಷಯ ಇಟ್ಟಳು: ಕ್ಯಾನ್ಸರ್ ಇದೆ, ಅಂಚಿನಲ್ಲಿ ಉಳಿದಿದೆ, ಮತ್ತೆ ಆಪರೇಷನ್ ಆಗಬೇಕು, ಕಂಕುಳನ್ನೂ ನೋಡಬೇಕು. ಭಾವ ತುತ್ತು ನಿಲ್ಲಿಸಲಿಲ್ಲ.

"ಡಾಕ್ಟ್ರು ಎಲ್ಲಾ ತೆಗೆದಾಯ್ತು ಅಂದಿದಾರೆ. ಮತ್ತೆ ಕತ್ತಿ ಆಡಿಸಿದ್ರೆ ಹರಡುತ್ತೆ. ಎಲ್ಲರೂ ಹೇಳೋ ಮಾತೇ ಇದು. ಸುಮ್ಮನೆ ಇರೋದೇ ಕ್ಷೇಮ."

"ಹರಡೋದು ಕತ್ತಿಯಿಂದ ಅಲ್ಲ ಭಾವ, ಸುಮ್ಮನಿರೋದ್ರಿಂದ."

"ಮೇಣ ಕೊಯ್ಯೋಳು ನನಗೆ ಪಾಠ ಹೇಳ್ತೀಯಾ?"

"ನೀವು ಡಬ್ಬಿ ತೊಳೆಯದೇ ಇದ್ದಿದ್ರೆ ಪಾಠದ ಅಗತ್ಯ ಇರಲಿಲ್ಲ. ನಡುವಿನ ಮಾಂಸ ಉಳಿದಿದ್ರೆ ಅದು ಎಂಥ ಜಾತಿ, ಯಾವ ಔಷಧಿಗೆ ಬಗ್ಗುತ್ತೆ, ಎಲ್ಲಾ ಮೊದಲ ದಿನವೇ ಗೊತ್ತಾಗ್ತಿತ್ತು. ಈಗ ಅಕ್ಕನ ಮೈಯಿಂದ ಇನ್ನೊಂದು ತುಂಡು ತೆಗೆದು ಕೇಳ್ಬೇಕು."

ಭಾವ ತಮ್ಮನ ಕಡೆ ನೋಡಿದ. ತಮ್ಮ ತಲೆಯಾಡಿಸಲು ಶುರುಮಾಡಿ, ಹೆಂಡತಿಯ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದ. ಆ ಮನೆಯ ಇತಿಹಾಸದಲ್ಲಿ ಅದೂ ಸಣ್ಣ ಘಟನೆಯಲ್ಲ.

ಅತ್ತೆ ನಿಟ್ಟುಸಿರು ಬಿಟ್ಟರು. "ಆಪರೇಷನ್ನು, ಆಮೇಲೆ ಔಷಧಿ... ತಿಂಗಳುಗಟ್ಟಲೆ ಇವಳು ಮಲಗಿಬಿಟ್ಟರೆ ಮನೆ ಕೆಲಸದ ಗತಿ ಏನು? ಚಿಕ್ಕವಳು ಬೇರೆ ಕೆಲಸಕ್ಕೆ ಹೋಗ್ತಾಳೆ."

ಕೊನೆಗೂ ಒಬ್ಬರು ನಿಜ ಹೇಳಿದರು. ಐದು ತಿಂಗಳಿನಿಂದ ಆ ಗೋಲಿಯ ಎದುರು ಅಡ್ಡ ನಿಂತಿದ್ದದ್ದು ಈ ಒಂದು ಪ್ರಶ್ನೆಯೇ, ಬೇರೆ ಬೇರೆ ವೇಷದಲ್ಲಿ.

ಉತ್ತರ ಬಂದದ್ದು ಬಡಿಸುತ್ತ ನಿಂತಿದ್ದ ಓರಗಿತ್ತಿಯಿಂದ. ಕೈಯಲ್ಲಿದ್ದ ಸೌಟನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಇವರಿದಾರಲ್ಲ ಅತ್ತೆ. ಎಷ್ಟು ಫಳಫಳ ಅನ್ನೋ ಹಾಗೆ ತೊಳೆದಿದ್ರು ಅಂತೀರಿ! ಆ ಡಬ್ಬಿ ನೋಡಿದ ಮೇಲೆ ನನಗೆ ಚಿಂತೆಯೇ ಇಲ್ಲ." ಆಮೇಲೆ ಗಂಡನಿಗೆ, ಮೂವತ್ತೊಂದು ವರ್ಷದಲ್ಲಿ ಅವನು ಕೇಳದಿದ್ದ ದನಿಯಲ್ಲಿ, "ನಾಳೆ ನಾನು ಇವಳ ಆಸ್ಪತ್ರೆಗೆ ಹೋಗ್ತೀನಿ. ಕ್ಯಾಂಟೀನಲ್ಲಿ ಮಾತಾಡಿಕೊಳ್ಳಲಿ. ನೀವು ಬಂದ್ರೆ ಬನ್ನಿ, ಬಿಟ್ರೆ ಬಿಡಿ. ಯಾವುದನ್ನೂ ಹಿಡ್ಕೊಳ್ಳೋಕೆ ಮಾತ್ರ ಬರಬೇಡಿ."

ಮರುದಿನವೇ ಹೋದಳು. ಮುಂದಿನ ವಾರ ಎನ್ನದೆ ಹೋದಳು. ಎರಡನೇ ಆಪರೇಷನ್ ಆದ ದಿನ ಮೇಣದಕ್ಕ ಥಿಯೇಟರಿನ ಬಾಗಿಲಲ್ಲೇ ನಿಂತು ಡಬ್ಬಿಗಳನ್ನು ತಾನೇ ತೆಗೆದುಕೊಂಡಳು. ಕತ್ತಿನವರೆಗೆ ಫಾರ್ಮಲಿನ್ ತುಂಬಿತ್ತು. ಆ ಕಣ್ಣುರಿ ಅವಳಿಗೆ ಅಂದಿನಷ್ಟು ಹಿತವೆನ್ನಿಸಿದ್ದು ಮತ್ತೆಂದೂ ಇಲ್ಲ. ಬೇರೆಯವರು ಕೊಯ್ಯುತ್ತೇವೆ ಎಂದರೂ ಬಿಡದೆ ತಾನೇ ಕೊಯ್ದಳು. ಉಳಿದಿದ್ದ ಗಂಟು ಸಿಕ್ಕಿತು, ನಡುವಿನಲ್ಲಿ. ಸುತ್ತಲೂ ಕಪ್ಪು ಗೆರೆಯವರೆಗೆ ಬರೀ ಗುಲಾಬಿ ಮತ್ತು ಕೊಬ್ಬಿನ ಬಿಳಿ. ಅಂಚು ಚೊಕ್ಕಟ. ಕಂಕುಳಿನ ಗ್ರಂಥಿ ಹನ್ನೊಂದು. ಹತ್ತರಲ್ಲಿ ಏನೂ ಇರಲಿಲ್ಲ. ಹನ್ನೊಂದನೆಯದರ ಒಂದು ಮೂಲೆಯಲ್ಲಿ ನೇರಳೆ ಚುಕ್ಕೆಗಳು.

ಅದನ್ನೂ ಅಕ್ಕನಿಗೆ ಹೇಳಿದಳು. ಬಾಗಿಲವರೆಗೆ ಬಂದಿದೆ, ಕಾವಲು ಹಿಡಿದಿದೆ. ಯಾರಾದರೂ ನುಸುಳಿರಬಹುದೆಂದು ಔಷಧಿ ಹಾಕುತ್ತಾರೆ. ಕೂದಲು ಉದುರುತ್ತದೆ, ವಾಂತಿ ಬರುತ್ತದೆ, ವರ್ಷವೇ ಹಿಡಿಯಬಹುದು. ಖಂಡಿತ ವಾಸಿ ಎಂದು ಈಗಲೇ ಯಾರೂ ಬರೆದುಕೊಡುವುದಿಲ್ಲ. ಓರಗಿತ್ತಿ ಕೇಳಿಸಿಕೊಂಡು, "ಐದು ತಿಂಗಳ ಹಿಂದೆ ಬಂದಿದ್ರೆ ಹನ್ನೊಂದೂ ಚೊಕ್ಕಟ ಇರ್ತಿತ್ತಾ?" ಎಂದಳು.

"ಇರಬಹುದಿತ್ತು."

"ಹೂಂ," ಎಂದಳು. ಆ ಮಾತು ಮತ್ತೆ ಎತ್ತಲಿಲ್ಲ.

ಮೂರನೇ ಸುತ್ತಿನ ಔಷಧಿ ಮುಗಿಸಿ ಇಬ್ಬರೂ ಸಂಜೆ ಮನೆಗೆ ಬಂದಾಗ ಸಿಂಕಿನ ಮುಂದೆ ಭಾವ ನಿಂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಿಸಿದ್ದ, ಹೊಟ್ಟೆಯ ಮೇಲೆಲ್ಲ ನೀರು. ತೊಳೆದ ಪಾತ್ರೆಗಿಂತ ತೊಳೆಯದ್ದೇ ಹೆಚ್ಚಿತ್ತು. ಅತ್ತೆ ಬಾಗಿಲಲ್ಲಿ ಕೂತು ಜೀವ ಹೋದವರ ಹಾಗೆ ಮಗನನ್ನು ನೋಡುತ್ತಿದ್ದರು. ಅವನು ಹಾಲಿನ ಪಾತ್ರೆಯನ್ನು ಮೂಗಿಗೆ ಹಿಡಿದು ಮುಖ ಕಿವುಚಿದ.

"ಎಷ್ಟು ಉಜ್ಜಿದ್ರೂ ಇದರ ವಾಸನೆಯೇ ಹೋಗಲ್ವಲ್ಲ."

ಓರಗಿತ್ತಿ ಬೋಳುತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. "ಇನ್ನೊಂದು ಸಲ ಉಜ್ಜಿ. ಫಿಲ್ಟರ್ ನೀರು ಬೇಡ, ನಲ್ಲಿ ನೀರು ಸಾಕು."